ವಿಚಾರವು ಕಥೆಯಾಗುವ ಬಗೆ

“ವಿಚಾರವೇನೋ ಇದೆ, ಕಥೆ ಮಾತ್ರ ಕೂಡಿಬರುತ್ತಿಲ್ಲ” ಎಂದು ನಮ್ಮ ಕರಜಗಿ ಸೀಮೆಯ ತರುಣ ಬರಹಗಾರರು ಹೇಳುವುದುಂಟು. ಅವರ ಹಸ್ತಪ್ರತಿಗಳಲ್ಲಿ ಪಾತ್ರಗಳು ಭಾಷಣ ಮಾಡುತ್ತವೆ. ಮಾಡಲೇಬೇಕಾದ ಕೆಲಸವೊಂದು ಅವುಗಳಿಗಿರುವುದಿಲ್ಲ. ದೋಷವಿರುವುದು ಅಲ್ಲಿಯೇ.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯನ್ನು ನೋಡಬಹುದು. ಬ್ರಾಹ್ಮಣ್ಯವೆಂದರೆ ಯಾವುದು ಎಂಬುದು ಅದರ ವಿಚಾರ. ಇಷ್ಟನ್ನೇ ಬೆಳೆಸಿದ್ದರೆ ಅದೊಂದು ಪ್ರಬಂಧವಾಗುತ್ತಿತ್ತು. ಲೇಖಕರು ಅಗ್ರಹಾರದ ನಡುವೆ ಆಚಾರಭ್ರಷ್ಟ ನಾರಣಪ್ಪನ ಶವವನ್ನಿಟ್ಟರು. ದಹನವಾಗುವವರೆಗೆ ಯಾರೂ ಉಣ್ಣುವಂತಿಲ್ಲ. ದಹನಕ್ಕೆ ಯಾರೂ ಮುಂದಾಗರು. ಚಂದ್ರಿ ತನ್ನ ಒಡವೆಗಳನ್ನು ಮುಂದಿಟ್ಟೊಡನೆ ಮಡಿವಂತರ ಆಸೆ ಹೊರಬೀಳುತ್ತದೆ. ಶವ ಕೊಳೆಯುತ್ತದೆ, ಹಸಿವು ಹೆಚ್ಚುತ್ತದೆ, ಪ್ರಾಣೇಶಾಚಾರ್ಯರ ಗ್ರಂಥಗಳಲ್ಲಿ ಉತ್ತರ ದೊರೆಯುವುದಿಲ್ಲ. ಪ್ರಶ್ನೆಯು ಹೊಟ್ಟೆಗೂ ಮೂಗಿಗೂ ತಟ್ಟಿದ ಮೇಲೆ ಕಥೆಯನ್ನು ಯಾರೂ ನೂಕಬೇಕಾಗಿಲ್ಲ.

ಅದೇ ವರ್ಷದ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ದ ದಾರಿ ಬೇರೆ. ವಂಶವನ್ನು ಪ್ರಾಣದಂತೆ ಕಾಪಾಡಿದ ಶ್ರೀನಿವಾಸ ಶ್ರೋತ್ರಿಯರಿಗೇ ಕೊನೆಗೆ ತಮ್ಮ ಜನ್ಮದ ನಿಜ ತಿಳಿಯುತ್ತದೆ. ವಿಚಾರವನ್ನು ಅದನ್ನು ನಂಬಿದವನ ಮೇಲೆಯೇ ಪರೀಕ್ಷಿಸಿದ ಧೈರ್ಯವಿದು. ಆದರೂ ಈ ತಿರುವಿನಲ್ಲಿ ಲೇಖಕರ ಕೈ ತುಸು ಕಾಣಿಸುತ್ತದೆಂದೇ ನನ್ನೆಣಿಕೆ.

ಇನ್ನು ನಮ್ಮ ಜಿಲ್ಲೆಯವರೇ ಆದ ಗೀತಾ ನಾಗಭೂಷಣರು. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರ ‘ಬದುಕು’ವಿನಲ್ಲಿ ವಾದ ಹೂಡುವ ಪಂಡಿತರಿಲ್ಲ. ಕಲಬುರಗಿಯ ಆಡುನುಡಿಯಲ್ಲಿ ಬೈಯುತ್ತ, ದುಡಿಯುತ್ತ, ನೋಯುತ್ತ ಇರುವ ಕೇರಿಯ ಜನರಿದ್ದಾರೆ. ಆ ಮಾತನ್ನು ನಾವು ದಿನವೂ ಸಂತೆಯಲ್ಲಿ ಕೇಳುತ್ತೇವೆ.