ಪಾತ್ರಧಾರಣದ ಆಟಗಳಲ್ಲಿ ಪ್ರತಿಭಟವಿಚಾರ

ಕಾವ್ಯದಲ್ಲಿ ಶತ್ರುವನ್ನು ವರ್ಣಿಸುವ ಕ್ರಮವನ್ನು ಹೇಳುವಾಗ ದಂಡಿಯು ಕಾವ್ಯಾದರ್ಶದ ಪ್ರಥಮ ಪರಿಚ್ಛೇದದಲ್ಲಿ ಎರಡು ಮಾರ್ಗಗಳನ್ನು ತೋರಿಸಿರುವನು. ನಾಯಕನ ಗುಣಗಳನ್ನು ಮೊದಲು ಸ್ಥಾಪಿಸಿ ಆಮೇಲೆ ಅವನಿಂದಾದ ಶತ್ರುಪರಾಭವವನ್ನು ಹೇಳುವುದು ಒಂದು. ಶತ್ರುವಿನ ವಂಶ, ಪರಾಕ್ರಮ, ವಿದ್ಯೆಗಳನ್ನೂ ಮನವಾರೆ ವರ್ಣಿಸಿ, ಅಂಥವನನ್ನು ಗೆದ್ದುದರಿಂದ ನಾಯಕನ ಹಿರಿಮೆಯನ್ನು ಕಾಣಿಸುವುದು ಇನ್ನೊಂದು. ಈ ಎರಡನೆಯದು ತನಗೆ ಮೆಚ್ಚೆಂದು ಆಚಾರ್ಯನೇ ಹೇಳಿದ್ದಾನೆ. ರನ್ನನ ಗದಾಯುದ್ಧವನ್ನು ಓದಿದವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಅಲ್ಲಿ ದುರ್ಯೋಧನನ ಘನತೆ ಕುಗ್ಗಿದ್ದರೆ ಭೀಮನ ಗದೆಗೆ ಏನು ತೂಕ ಉಳಿಯುತ್ತಿತ್ತು?

ಈ ಪಾಠವನ್ನು ಬಹುಕಾಲ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದ ನನಗೆ, ಕಳೆದ ಮಳೆಗಾಲದಲ್ಲಿ ಸಾಲಿಗ್ರಾಮದ ನಮ್ಮ ಮನೆಯಲ್ಲಿ ಅದು ವಿಚಿತ್ರವಾದ ರೀತಿಯಿಂದ ಮತ್ತೆ ಎದುರಾಯಿತು. ತಮ್ಮನ ಮಗನು ಕಂಪ್ಯೂಟರಿನ ಮುಂದೆ ಕುಳಿತು ಯಾರೊಡನೆಯೋ ಕಾಳಗವಾಡುತ್ತಿದ್ದನು. ಯಂತ್ರದೊಡನೆ ಎಂಥ ಹೋರಾಟವೆಂದು ಹಾಸ್ಯ ಮಾಡಿದೆನು. "ಇದ್ ಕಂಪ್ಯೂಟರ್ ಅಲ್ಲ ದೊಡ್ಡಪ್ಪಯ್ಯ, ಆಚಿಗೆ ಇಪ್ಪುದ್ ಮನ್ಷ" ಎಂದನು. ಆ ಮಾತಿನ ಮೇಲೆ ಅನೇಕ ಸಂಜೆಗಳನ್ನು ಅವನ ಪಕ್ಕದಲ್ಲಿ ಕಳೆದೆನು. ಇಂಥ ವಿಷಯ ಈ ಪತ್ರಿಕೆಗೆ ತಕ್ಕುದೇ ಎಂದು ಸಂಶಯಿಸುವವರಿಗೆ ನನ್ನ ಅರಿಕೆ ಇಷ್ಟೆ: ವೇಷ, ವೀರ, ಶತ್ರು ಇರುವಲ್ಲಿ ರಸವಿಚಾರಕ್ಕೆ ಅವಕಾಶವುಂಟು.

ಆಟವು 2004ರಲ್ಲಿ ಅಮೆರಿಕದ ಬ್ಲಿಝರ್ಡ್ ಸಂಸ್ಥೆಯವರು ಹೊರತಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬುದು. ನಾನಾ ಊರುಗಳಲ್ಲಿ ಕುಳಿತವರು ಅಂತರ್ಜಾಲದ ಮೂಲಕ ಒಂದೇ ಕಲ್ಪಿತ ಲೋಕವನ್ನು ಹೊಕ್ಕು ಒಬ್ಬೊಬ್ಬರೂ ಒಂದೊಂದು ವೇಷವನ್ನು ತಳೆಯುವರು. ಎದುರಾಳಿಗಳು ಎರಡು ಬಗೆ: ಯಂತ್ರವೇ ನಡೆಸುವ ರಾಕ್ಷಸಾದಿಗಳು ಒಂದು, ತನ್ನಂತೆಯೇ ವೇಷ ತಳೆದ ಮನುಷ್ಯನು ಇನ್ನೊಂದು. ಆಡುವವರು ಇವನ್ನು 'ಪಿ.ವಿ.ಇ.' 'ಪಿ.ವಿ.ಪಿ.' ಎಂದು ಕರೆಯುತ್ತಾರೆ. ನಾನು ಸೌಕರ್ಯಕ್ಕಾಗಿ ಯಂತ್ರಪ್ರತಿಭಟ, ನರಪ್ರತಿಭಟ ಎನ್ನುವೆನು. ಇವರಲ್ಲಿ ವೀರರಸಕ್ಕೆ ತಕ್ಕ ಆಲಂಬನನಾರು?

ಯಂತ್ರಪ್ರತಿಭಟನು ಬರಿಯ ಕೀಲುಗೊಂಬೆಯೆಂದು ನಾನು ಮೊದಲು ತೀರ್ಮಾನಿಸಿದ್ದೆನು. ಅದು ದುಡುಕು. 'ಮೋಲ್ಟನ್ ಕೋರ್' ಎಂಬ ಅಗ್ನಿಗುಹೆಯ ಅಧಿಪತಿಯಾದ ರಾಗ್ನರೋಸನೆಂಬವನನ್ನು ಎದುರಿಸಲು, ಆ ಆಟದ ಮೊದಲ ಕಾಲದಲ್ಲಿ 40 ಮಂದಿಯ ತಂಡಗಳು ಹೋಗುತ್ತಿದ್ದುವು. ಹೊಡೆತ ತಾಳುವವರು ಕೆಲವರು, ಗಾಯ ಮಾಯಿಸುವವರು ಕೆಲವರು, ಪ್ರಹಾರ ಮಾಡುವವರು ಉಳಿದವರು. ಅವನು ಬೆಂಕಿಯಲ್ಲಿ ಮುಳುಗುವ ಹೊತ್ತು, ತನ್ನ ಅಗ್ನಿಪುತ್ರರನ್ನು ಛೂ ಬಿಡುವ ಹೊತ್ತು ಮೊದಲೇ ನಿಯತವಾಗಿರುವುವು. ಅದನ್ನು ಅರಿತು 40 ಮಂದಿಯೂ ಒಟ್ಟಿಗೆ ಹೆಜ್ಜೆಯಿಡಬೇಕು. ಬಿಡ್ತಿಗೆಗೆ ಸರಿಯಾಗಿ ಕುಣಿತ ಮುಗಿಯದಿದ್ದರೆ ನಮ್ಮ ಬಯಲಾಟದ ವೇಷಧಾರಿಗೆ ಆಗುವ ಅವಮಾನವೇ ಇಲ್ಲಿ ಮರಣರೂಪದಿಂದ ಬರುತ್ತದೆ. ಹಾಗಾಗಿ ಇದೊಂದು ಮೇಳದ ಕಲೆ. ಇದರ ಸೊಗಸು ತಂಡದವರ ಪರಸ್ಪರ ನಂಬಿಕೆಯಲ್ಲಿದೆ. ಆದರೆ ರಾಗ್ನರೋಸನು ಇಲ್ಲಿ ತಾಳದ ಸ್ಥಾನದಲ್ಲಿರುವನೇ ಹೊರತು ಶತ್ರುವಿನ ಸ್ಥಾನದಲ್ಲಿಲ್ಲ. ಈ ವಾರ ಸತ್ತವನು ಮುಂದಿನ ವಾರ ಎದ್ದು ಅದೇ ಮಾತುಗಳನ್ನು ಅದೇ ಸ್ವರದಲ್ಲಿ ಗರ್ಜಿಸುವನು. ಸೋತುದರ ನೆನಪಿಲ್ಲದವನನ್ನು ಗೆದ್ದರೆ ದಂಡಿಯು ಹೇಳಿದ ಉತ್ಕರ್ಷವು ಸಿದ್ಧಿಸುವುದಿಲ್ಲ.

ಹಾಗಾದರೆ ನರಪ್ರತಿಭಟನೇ ಶ್ರೇಷ್ಠನೆನ್ನೋಣವೇ? ಇದಕ್ಕೆ ಈ ಆಟಗಳ ಚರಿತ್ರೆಯೇ ಅಡ್ಡ ಬರುವುದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಷಾ ಎಂಬವರು ಆರಂಭಿಸಿ, ರಿಚರ್ಡ್ ಬಾರ್ಟಲ್‌ರು ಮುಂದುವರಿಸಿದ 'ಮಡ್' ಎಂಬುದು ಈ ಬಗೆಯ ಆಟಗಳಿಗೆ ಮೂಲ; ಅದರಲ್ಲಿ ಚಿತ್ರವಿಲ್ಲ, ಬರಿಯ ಅಕ್ಷರ. ಇದೇ ಬಾರ್ಟಲ್‌ರು 1996ರ ಪ್ರಬಂಧವೊಂದರಲ್ಲಿ ಆಟಗಾರರನ್ನು ನಾಲ್ಕು ವರ್ಗ ಮಾಡಿ, ಇತರರನ್ನು ಪೀಡಿಸುವುದರಲ್ಲಿಯೇ ಸುಖ ಕಾಣುವವರನ್ನು ಒಂದು ವರ್ಗವಾಗಿ ಎಣಿಸಿರುವರು. 1997ರ 'ಅಲ್ಟಿಮಾ ಆನ್‌ಲೈನ್' ಎಂಬ ಆಟದ ಪರೀಕ್ಷಾಕಾಲದಲ್ಲಿ ಅದರ ನಿರ್ಮಾತೃವಾದ ರಿಚರ್ಡ್ ಗ್ಯಾರಿಯಟ್‌ರು ರಾಜವೇಷದಿಂದ ಪ್ರಜೆಗಳ ಮುಂದೆ ನಿಂತಿದ್ದಾಗ, ಅಜೇಯತ್ವದ ರಕ್ಷೆಯನ್ನು ಮರೆತಿದ್ದರಾಗಿ, ಆಟಗಾರನೊಬ್ಬನು ಹೂಡಿದ ಬೆಂಕಿಯಲ್ಲಿ ಆ ರಾಜನು ಸತ್ತನು. ಕರ್ತೃವಿಗೇ ಈ ಗತಿಯಾದ ಲೋಕದಲ್ಲಿ ಆಗತಾನೆ ಆಟಕ್ಕಿಳಿದ ಬಡಪಾಯಿಗಳ ಪಾಡು ಹೇಳಬೇಕೆ? ಕೊನೆಗೆ 2000ದಲ್ಲಿ ಆ ಲೋಕವನ್ನೇ ಎರಡಾಗಿಸಿ, ಒಪ್ಪಿಗೆಯಿಲ್ಲದೆ ಯಾರೂ ಯಾರ ಮೇಲೂ ಕೈಮಾಡಲಾಗದ ಪ್ರತಿಲೋಕವೊಂದನ್ನು ನಿರ್ಮಿಸಬೇಕಾಯಿತು.

ನ್ಯಾಯಶಾಸ್ತ್ರವು ಕಥೆಯನ್ನು ವಾದ, ಜಲ್ಪ, ವಿತಂಡವೆಂದು ಮೂರಾಗಿಸಿದೆಯಷ್ಟೆ. ನರಪ್ರತಿಭಟರ ಕಾಳಗವು ಜಲ್ಪವಾಗಿ ತೊಡಗಿ ವಿತಂಡಕ್ಕೆ ಜಾರುವುದು ಸುಲಭ. ಇದಕ್ಕೂ ಸೂಕ್ಷ್ಮವಾದ ದೋಷವೊಂದುಂಟು. ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನು ಅಭಿನವಗುಪ್ತರು ರಸವಿಘ್ನಗಳಲ್ಲಿ ಎಣಿಸಿರುವರು. ಮನುಷ್ಯನಿಂದ ಸೋತ ದಿನ ನಮ್ಮ ಹುಡುಗನು ಊಟ ಬಿಟ್ಟು ಮಲಗಿದನು; ರಾಕ್ಷಸನಿಂದ ಹತ್ತು ಸಲ ಸತ್ತಾಗಲೂ ನಗುತ್ತಲೇ ಇದ್ದನು. ಮೊದಲನೆಯದು ಲೌಕಿಕ ಕ್ರೋಧ. ಅಲ್ಲಿ ವೇಷ ಕಳಚಿ ಹೋಗಿದೆ, ರಸವೆಲ್ಲಿಯದು? ಆಡುವವನು ನಟನೇ ಹೊರತು ಸಹೃದಯನಲ್ಲ, ಆದುದರಿಂದ ಈ ಚರ್ಚೆಯೇ ನಿರರ್ಥಕವೆಂದು ಪೂರ್ವಪಕ್ಷ ಮಾಡುವವರಿರಬಹುದು. ತನ್ನ ಎದುರಿನವನ ಮಾತಿಗೆ ತಲೆದೂಗುವ ಅರ್ಥಧಾರಿಯನ್ನು ಕಂಡವರು ಹಾಗೆನ್ನಲಾರರು.

ಅರ್ಥಧಾರಿಯ ಮಾತು ಬಂದುದರಿಂದ ತಾಳಮದ್ದಲೆಯನ್ನು ನೋಡೋಣ. ಅಲ್ಲಿ ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತನ ಪದ್ಯ ಮತ್ತು ಎದುರುಬದುರು ಕುಳಿತವರ ಆಶುವಾಗ್ಯುದ್ಧ. ವಾಲಿಸಂಹಾರದ ಪ್ರಸಂಗದಲ್ಲಿ ವಾಲಿಯು ಸಾಯುವನೆಂಬುದು ಪದ್ಯದಲ್ಲಿ ನಿಶ್ಚಿತ. ಯಂತ್ರಪ್ರತಿಭಟನ ಮರಣದಷ್ಟೇ ನಿಶ್ಚಿತ. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟುದೇಕೆಂದು, ವಾಲ್ಮೀಕಿಯ ಕಿಷ್ಕಿಂಧಾಕಾಂಡದ 17ನೆಯ ಸರ್ಗದ ಆ ಪ್ರಶ್ನೆಯನ್ನು, ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ವಾಲಿಯಾಗಿ ಎತ್ತಿದರೆ, ಇಂದಿನ ಇರುಳಿನ ರಾಮನು ಇಂದೇ ಉತ್ತರ ಹುಡುಕಬೇಕು. ನಿನ್ನೆಯ ಉತ್ತರ ಸಲ್ಲದು. ಎದುರಾಳಿ ಜೀವಂತ, ಮುಗಿತಾಯ ನಿಯತ. ಮುಗಿತಾಯವನ್ನು ಪ್ರಸಂಗವು ಹಿಡಿದಿಟ್ಟುಕೊಂಡಿರುವುದರಿಂದಲೇ ಅರ್ಥಧಾರಿಗಳಿಗೆ ಗೆಲ್ಲುವ ಆತುರ ತಗ್ಗಿ ಮಾತಿಗೆ ಬಿಡುವು ಸಿಕ್ಕುವುದು. ಆ ಹಿಡಿತವನ್ನು ಮೀರಿ ಸ್ವಂತ ಪಾಂಡಿತ್ಯದ ಜಗಳಕ್ಕಿಳಿದ ಕೂಟಗಳನ್ನೂ ನಾನು ಕೇಳಿದ್ದೇನೆ. ಅಲ್ಲಿ ವಾಲಿಯೂ ಇಲ್ಲ, ರಾಮನೂ ಇಲ್ಲ.

ಈ ಎರಡನ್ನೂ ಆಟದ ನಿರ್ಮಾತೃಗಳು ಅಗಲಿಸಿಟ್ಟಿರುವುದೇ ನನ್ನ ಮುಖ್ಯ ಆಕ್ಷೇಪ. ಯಂತ್ರದವನಿಗೆ ಕಥೆಯುಂಟು, ಮರುಮಾತಿಲ್ಲ. ಮನುಷ್ಯನಿಗೆ ಮರುಮಾತಿನ ಶಕ್ತಿಯುಂಟು, ಕಥೆಯ ಹಿಡಿತವಿಲ್ಲ. ಅಷ್ಟೇ ಅಲ್ಲ. ಈ ವಾರ್‌ಕ್ರಾಫ್ಟಿನಲ್ಲಿ ಪರಸ್ಪರ ವೈರಿಗಳಾದ ಎರಡು ಪಕ್ಷಗಳಿದ್ದು, ಒಂದು ಪಕ್ಷದವನು ಆಡಿದ ಮಾತು ಇನ್ನೊಂದು ಪಕ್ಷದವನಿಗೆ ಅರ್ಥಹೀನ ಅಕ್ಷರಗಳ ಗೋಜಲಾಗಿ ಕಾಣುವಂತೆ ಮೊದಲಿನಿಂದಲೂ ನಿಯಮ ಮಾಡಿದರು. ಬೈಗುಳವನ್ನು ತಡೆಯುವುದಕ್ಕೆ ಇದು ಒಳ್ಳೆಯ ಉಪಾಯವೇ. ಆದರೆ ಬೈಗುಳದೊಡನೆ ವಾಲಿಯ ಪ್ರಶ್ನೆಯೂ ಹೋಯಿತು. ಮಾತನ್ನು ಹುಟ್ಟಿಸುವ ಯಂತ್ರಗಳನ್ನು ಈಚಿನ ವರ್ಷಗಳಲ್ಲಿ ಇಂಥ ರಾಕ್ಷಸರಿಗೆ ಜೋಡಿಸುವ ಪ್ರಯತ್ನಗಳು ನಡೆದಿವೆ. ರಾಗ್ನರೋಸನು ಉತ್ತರ ಕೊಡತೊಡಗಿದರೆ ನನ್ನ ಆಕ್ಷೇಪ ಅರ್ಧ ಇಳಿದೀತು. ಉಳಿದರ್ಧವು, ರಾಮನ ಉತ್ತರವನ್ನು ಕೇಳಿ ವಾಲಿಯ ಮನಸ್ಸು ತಿರುಗುವುದಷ್ಟೆ, ಆ ತಿರುಗುವಿಕೆಗೆ ಸಂಬಂಧಿಸಿದುದು.

ಆಟದಲ್ಲಿ ವಾಚಿಕ ಹೋದ ಮೇಲೆ ಆಂಗಿಕವೊಂದು ಉಳಿದಿದೆ. ಒಂದು ಸಂಜೆ ಬೆಟ್ಟದ ದಾರಿಯಲ್ಲಿ ಎದುರು ಪಕ್ಷದವನೊಬ್ಬನು ನಮ್ಮ ಹುಡುಗನ ವೇಷವನ್ನು ಕಂಡು ನಿಂತು, ಏನೋ ಅಂದನು. ತೆರೆಯ ಮೇಲೆ ಗೋಜಲು ಮೂಡಿತು. ಆಮೇಲೆ ಬಾಗಿ ವಂದಿಸಿದನು. ಹುಡುಗನೂ ತನ್ನ ವೇಷದಿಂದ ಬಾಗಿಸಿದನು. ಬಳಿಕ ಕಾಳಗ ನಡೆದು ನಮ್ಮವನು ಸೋತನು. ಆ ದಿನ ಊಟಕ್ಕೆ ಕರೆದಾಗ ಎದ್ದು ಬಂದನು.