ಕಿಟ್ಟೆಲ್ಲರ ಋಣ ಯಾರ ಖಾತೆಗೆ?

ಯಲಹಂಕದ ನಮ್ಮ ವಚನಾಧ್ಯಯನ ಕೂಟದಲ್ಲಿ ಈಚೆಗೆ ಒಂದು ಚರ್ಚೆ ಎದ್ದಿತು. ಆಂಗ್ಲರ ಆಳಿಕೆಯನ್ನು ಹಳಿಯುವವರು ಕಿಟ್ಟೆಲ್ಲರ ನಿಘಂಟನ್ನೂ ರೈಸರ ಶಾಸನ ಸಂಪುಟಗಳನ್ನೂ ಕೈಯಲ್ಲಿ ಹಿಡಿದೇ ಹಳಿಯುತ್ತಾರೆ, ಇದು ಕೃತಘ್ನತೆಯಲ್ಲವೆ ಎಂದು ತರುಣ ಮಿತ್ರರೊಬ್ಬರು ಕೇಳಿದರು. ಪ್ರಶ್ನೆ ಹಗುರವಾದುದಲ್ಲ. ಮೂವತ್ತು ವರ್ಷ ಪಾಠ ಹೇಳಿದ ನಾನೂ ವಚನಗಳಲ್ಲಿ ಕಠಿನ ಶಬ್ದ ಎದುರಾದಾಗಲೆಲ್ಲ ಆ ನಿಘಂಟನ್ನೇ ಬಿಚ್ಚಿದವನು.

ಆದರೆ ಕಿಟ್ಟೆಲ್ಲರು ಆಂಗ್ಲರಲ್ಲ. 1853ರಲ್ಲಿ ಬಂದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ. ಸುಮಾರು 70,000 ಶಬ್ದಗಳ ಅವರ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾಯಿತು. ಬಂದುದು ಮತಪ್ರಚಾರಕ್ಕೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಬಂದವರು ಭಾಷೆಗೆ ಮನಸೋತರೆಂಬುದನ್ನೂ ಮರೆಯಬೇಕಾಗಿಲ್ಲ.

ರೈಸರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಅವರ ಶ್ರಮ ಅಸಾಮಾನ್ಯವಾದುದು. ಆದರೆ ಆ ಸಂಪುಟಗಳ ವೆಚ್ಚವನ್ನು ಹೊತ್ತುದು ಲಂಡನ್ನಲ್ಲ, ಮೈಸೂರಿನ ಬೊಕ್ಕಸ. ಆ ಬೊಕ್ಕಸದ ಪಾಡೇನು? 1799ರ ಒಪ್ಪಂದದಂತೆ ಅದು ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ ತೆರುತ್ತಿತ್ತು. 1831ರಲ್ಲಿ ಅರಸರ ಕೈಯಿಂದ ಆಡಳಿತವನ್ನು ಕಿತ್ತುಕೊಂಡು ಐವತ್ತು ವರ್ಷ ಕಮಿಷನರರೇ ಆಳಿದರು. ಅವರ ಆಳಿಕೆಯಲ್ಲಿಯೇ 1876-78ರ ಕ್ಷಾಮ ಬಂದು ಸೀಮೆಯ ಐದರಲ್ಲೊಂದು ಪಾಲು ಜನ ಅಳಿದರೆಂದು ಅಂದಾಜು. 1881ರಲ್ಲಿ ರಾಜ್ಯವನ್ನು ಮರಳಿಸುವಾಗ ಕ್ಷಾಮದ 80 ಲಕ್ಷ ಸಾಲವನ್ನು ರಾಜ್ಯದ ತಲೆಗೇ ಕಟ್ಟಿ, ಪೊಗದಿಯನ್ನು 35 ಲಕ್ಷಕ್ಕೆ ಏರಿಸುವ ಕರಾರನ್ನೂ ಬರೆಸಿಕೊಂಡರು. ಪಂಡಿತನೊಬ್ಬನ ತಪಸ್ಸನ್ನು ಈ ಪ್ರಭುತ್ವದ ಪುಣ್ಯವೆಂದು ಜಮಾ ಕಟ್ಟುವುದು ಯಾವ ಲೆಕ್ಕ? ದುಡಿದವನ ಕಾಯಕದ ಫಲ ಕಪ್ಪ ಎತ್ತಿದವನಿಗೆ ಸಲ್ಲುವುದೆಂದು ಶರಣರು ಒಪ್ಪುತ್ತಿರಲಿಲ್ಲ. ದಾಸೋಹ ಮಾಡಿದವನೇ ಅದನ್ನು ತನ್ನದೆಂದು ಎಣಿಸಬಾರದೆಂಬ ಪಂಥ ನಮ್ಮದು. ಮಾಡದವನ ಪರವಾಗಿ ಎಣಿಸುವವರಿಗೆ ಏನೆನ್ನೋಣ!

ನಮ್ಮ ಪಕ್ಷದ ದೋಷವನ್ನೂ ಹೇಳಬೇಕು. ವಚನಗಳ ಓಲೆಗರಿಗಳನ್ನು ಓದದೆ ಪೂಜಿಸಿ ಗೆದ್ದಲಿಗೆ ಬಿಟ್ಟವರು ನಾವೇ. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಅವನ್ನು ಅರಸಿ ತಂದು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತರಬೇಕಾಯಿತು. ಈ ಆಲಸ್ಯವನ್ನು ಪರಕೀಯರ ತಲೆಗೆ ಕಟ್ಟಲಾಗದು.

ರೈಸರ ಬೆಂಗಳೂರು ಜಿಲ್ಲೆಯ ಸಂಪುಟ 1905ರದು. ಅದರಲ್ಲಿಲ್ಲದ ಶಾಸನವೊಂದು 2018ರಲ್ಲಿ ಇಲ್ಲಿಯೇ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ದೊರೆಯಿತು: ಸುಮಾರು ಕ್ರಿ.ಶ. 750ರ, ಕಿತ್ತಯ್ಯನೆಂಬ ವೀರನ ಕಲ್ಲು. ಅದರ ಪಾಠವನ್ನು ಅರ್ಥಮಾಡಿಕೊಳ್ಳಲು ಕುಳಿತಾಗ ನಾನು ಮೊದಲು ತೆರೆದುದು ಕಿಟ್ಟೆಲ್ಲರ ನಿಘಂಟನ್ನೇ.