ಗುಂಡಿ ಒತ್ತಿದರೆ ಭೂವಿಜ್ಞಾನ ತಿಳಿದೀತೆ?

ಬಂಗಾರಪೇಟೆ ಕಡೆಯ ಶಾಲೆಗಳಿಂದ ವಿಜ್ಞಾನ ವಸ್ತುಸಂಗ್ರಹಾಲಯ ತೋರಿಸಲು ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರೇ, ಒಂದನ್ನು ಗಮನಿಸಿ. ಯಾವ ಊರಿನ ಸಂಗ್ರಹಾಲಯವೇ ಆಗಲಿ, ಗುಂಡಿ ಒತ್ತಿದರೆ ಶಿಲೆಯ ಹೆಸರಿನ ಮೇಲೆ ದೀಪ ಹತ್ತುವ ಪ್ರದರ್ಶಿಕೆಯ ಮುಂದೆ ಮಗು ಎಷ್ಟು ಹೊತ್ತು ನಿಲ್ಲುತ್ತದೆ? ಯಾರು ಒತ್ತಿದರೂ ಅದೇ ದೀಪ, ಅದೇ ಉತ್ತರ. ಇದನ್ನು ‘ಮಾಡಿ ನೋಡು’ ಎಂದು ಕರೆಯುವುದು ಸರಿಯಲ್ಲ. 1969ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ‘ಎಕ್ಸ್‌ಪ್ಲೊರೇಟೋರಿಯಂ’ ಸ್ಥಾಪಿಸಿದ ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ ಬಯಸಿದ್ದು ಬೇರೆ. ನೋಡುಗನೇ ಏನನ್ನಾದರೂ ಬದಲಿಸಬೇಕು, ಅದಕ್ಕೆ ತಕ್ಕಂತೆ ಫಲಿತಾಂಶವೂ ಬದಲಾಗಬೇಕು.

ಈ ದೃಷ್ಟಿಯಿಂದ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ರೂಪುಗೊಂಡು ಹಲವು ದೇಶಗಳಿಗೆ ಹರಡಿರುವ ಮರಳು ಪೆಟ್ಟಿಗೆ ಮೆಚ್ಚತಕ್ಕದ್ದು. ಮೇಲಿರುವ ಕ್ಯಾಮೆರಾ ಮರಳಿನ ಎತ್ತರವನ್ನು ಅಳೆಯುತ್ತದೆ. ಪ್ರೊಜೆಕ್ಟರ್ ಆ ಎತ್ತರಕ್ಕೆ ತಕ್ಕ ಬಣ್ಣವನ್ನೂ ಸಮೋನ್ನತಿ ರೇಖೆಗಳನ್ನೂ ಮರಳಿನ ಮೇಲೆಯೇ ಬೀಳಿಸುತ್ತದೆ. ಗುಡ್ಡವನ್ನು ಕಡಿದಾಗಿಸಿದರೆ ರೇಖೆಗಳು ಒತ್ತೊತ್ತಾಗುತ್ತವೆ. ನಕ್ಷೆಯ ಪಾಠದಲ್ಲಿ ವಾರಗಟ್ಟಲೆ ತಲೆಗೆ ಹತ್ತದ್ದು ಇಲ್ಲಿ ಐದೇ ನಿಮಿಷದಲ್ಲಿ ಹತ್ತೀತು. ಪೆಟ್ಟಿಗೆಯ ಮೇಲೆ ಅಂಗೈ ಚಾಚಿದರೆ ‘ಮಳೆ’ಯೂ ಬರುತ್ತದೆ. ಆದರೆ ಆ ನೀರು ಬರೀ ಬೆಳಕು. ಒಂದು ಮರಳ ಕಣವನ್ನೂ ಕದಲಿಸದು. ಸವೆತವೆಂಬ ದೊಡ್ಡ ಪಾಠವೇ ಅಲ್ಲಿಲ್ಲ.

ಆ ಪಾಠ ನಿಮ್ಮ ಪಕ್ಕದಲ್ಲೇ ಇದೆ. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೆ.ಜಿ.ಎಫ್.ಗೆ ಹೋಗಿ, ‘ಸೈನೈಡ್ ದಿಬ್ಬ’ಗಳನ್ನು ನೋಡಿ. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ರಾಶಿಗಳಿವು. ಇಳಿಜಾರುಗಳಲ್ಲಿ ಮಳೆ ಆಳವಾದ ಕೊರಕಲುಗಳನ್ನು ತೋಡಿದೆ. ಗಟ್ಟಿ ಬಂಡೆಯ ಬೆಟ್ಟದಲ್ಲಿ ಲಕ್ಷಾಂತರ ವರ್ಷ ಹಿಡಿಯುವ ಕೆಲಸ ಇಲ್ಲಿ ಕೆಲವೇ ದಶಕಗಳಲ್ಲಿ ನಡೆದಿದೆ. (ದೂರದಿಂದ ನೋಡಿದರೆ ಸಾಕು, ಆ ದೂಳು ಮಕ್ಕಳ ಆಟಕ್ಕಲ್ಲ.)

ಇನ್ನು ಚಿನ್ನದ ವಿಚಾರ. ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವ ಗಟ್ಟಿಯನ್ನಿಟ್ಟರೆ ಗಣಿಗಾರಿಕೆ ಅರ್ಥವಾಗದು. 1880ರ ದಶಕದಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಸುಮಾರು 5 ಕೋಟಿ ಟನ್ ಅದಿರಿನಿಂದ ದೊರೆತ ಚಿನ್ನ ಸುಮಾರು 800 ಟನ್. ಅಂದರೆ ಟನ್ನಿಗೆ ಸರಾಸರಿ 16 ಗ್ರಾಂ. ಒಂದು ಬಕೆಟ್‌ನಲ್ಲಿ 10 ಕಿಲೋ ಕಲ್ಲು ತುಂಬಿಡಿ. ಅದರ ಪಾಲಿನ ಚಿನ್ನ 0.16 ಗ್ರಾಂ, ಪ್ರತಿ ಬದಿ 2 ಮಿಲಿಮೀಟರ್ ಇರುವ ಪುಟ್ಟ ಘನ. ಅಷ್ಟೇ ಗಾತ್ರದ ಹಿತ್ತಾಳೆ ಚೂರನ್ನು ಪಕ್ಕದಲ್ಲಿಡಿ. ವಿದ್ಯಾರ್ಥಿ ಬಕೆಟ್ಟನ್ನು ಎತ್ತಲಿ, ಆಮೇಲೆ ಚೂರನ್ನು ಹುಡುಕಲಿ. ಕೊನೆಯ ವರ್ಷಗಳಲ್ಲಿ ಅದಿರಿನ ಚಿನ್ನ ಟನ್ನಿಗೆ ಸುಮಾರು 3 ಗ್ರಾಂಗೆ ಇಳಿದಿತ್ತು. ಗಣಿಯ ಆಳವೋ 3 ಕಿಲೋಮೀಟರ್ ದಾಟಿತ್ತು. ಗಣಿ ಮುಚ್ಚಿದ್ದೇಕೆ ಎಂಬುದು ಆ ಊರಿನ ಮನೆಮನೆಯ ಪ್ರಶ್ನೆ. ಚಿನ್ನದ ಸಾಂದ್ರತೆ 19.3 ಎಂದಷ್ಟೇ ಹೇಳಿ, ಆಗಿನ ಘನದ ಗಾತ್ರವನ್ನು ಮಕ್ಕಳೇ ಲೆಕ್ಕ ಹಾಕಲಿ.